ಎರಡು ಕೋರ್ಡ್ ಸೌದೆ

ಇ-ಮೇಲ್ ಬಳಗದ ಗೆಳೆಯರೇ, ಕೋರ್ಡ್ ಅಂದರೆ ಹಗ್ಗ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದವನು ನಾನು. ಹಾಗಾಗಿ ಅಮೆರಿಕದ ಈ ಎಲಿಕಾಟ್ ಸಿಟಿಯ ಚಳಿಗೆ ಎರಡು ಕೋರ್ಡ್ ಸೌದೆ ಬೇಕೆಂದು ಫೋನ್ ಮಾಡಿದಾಗ, ಹಗ್ಗ ಬಿಗಿದ ಎರಡು ಹೊರೆ ಬರುತ್ತವೆ ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಟ್ರಕ್ಕು ಬಂದು ನಮ್ಮ ಗರಾಜಿನ ಬಾಗಿಲಿಗೇ ಒಂದು ಗುಡ್ಡ ಸುರಿಯಿತು.

“ಹಗ್ಗ ಎಲ್ಲಿ?” ಅಂದೆ.

“ಯಾವ ಹಗ್ಗ? ಕೋರ್ಡ್ ಅಂದರೆ ಸೌದೆಯ ಅಳತೆ. ನಾಲ್ಕಡಿ ಎತ್ತರ, ನಾಲ್ಕಡಿ ಅಗಲ, ಎಂಟಡಿ ಉದ್ದ,” ಅಂದ ಡ್ರೈವರ್.

ಹೆಂಡತಿ ಹೊರಗೆ ಬಂದಳು. “ಇಷ್ಟೂ ನಮ್ಮ ಸೌದೆ?”

“ಹೌದೇ.”

“ಪ್ರಾಸ ಸಾಕು ರೀ! ಹತ್ತು ಗಂಟೆಗೆ ನನ್ನ ಡ್ರೈವಿಂಗ್ ಟೆಸ್ಟು, ಕಾರು ಒಳಗಿದೆ!”

ಇಬ್ಬರೂ ಒಂದು ಗಂಟೆ ಸೌದೆ ಹೊತ್ತೆವು. ಕಾರಿನಷ್ಟೇ ಅಗಲದ ಓಣಿಯಾಯಿತು. ಹೋದ ಸಲ ರಿವರ್ಸಿನಲ್ಲೇ ಫೇಲಾಗಿದ್ದವಳು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಕೊರಡೂ ಅಲುಗದಂತೆ ಹಿಂದಕ್ಕೆ ತೆಗೆದಳು. ಆಮೇಲೆ ಟೆಸ್ಟಿನಲ್ಲಿ ರಿವರ್ಸಿಗೆಂದು ನಿಲ್ಲಿಸಿದ ಕಂಬಗಳು ಯಾವ ಲೆಕ್ಕ? ಪಾಸು!

“ಸೌದೆಗೆ ಥ್ಯಾಂಕ್ಸ್ ಹೇಳು,” ಅಂದೆ.

“ನನಗೆ ಲೈಸೆನ್ಸು ಬಂತು. ನಿಮಗೆ ಸೆನ್ಸು ಯಾವಾಗ?”

ಸೌದೆ ಇನ್ನೂ ಪೇರಿಸುತ್ತಿದ್ದೇನೆ. ಪ್ರಾಸ ಕಲಿಸಿದ ತಪ್ಪೂ ನನ್ನದೇ.