ನಂಗವಳ್ಳಿಯ ಹುಡುಗಿಗೆ ಕೊಟ್ಟ ರಕ್ತ

1936ರಲ್ಲಿ ನಾನು ಸೇಲಂನ ಆಸ್ಪತ್ರೆಯೊಂದರಲ್ಲಿ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ಮದರಾಸಿನಲ್ಲಿ ನನಗೆ ಶಸ್ತ್ರಚಿಕಿತ್ಸೆ ಕಲಿಸಿದ ಪ್ರೊಫೆಸರು ಆಗ ಬ್ಲಡ್ ಟ್ರಾನ್ಸ್‌ಫ್ಯೂಷನ್ ಬೆನ್ನು ಹತ್ತಿದ್ದರು. ಒಬ್ಬರ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿ, ಇನ್ನೊಬ್ಬರ ನರಕ್ಕೆ ಇಳಿಸುವ ವಿಧಾನ. ಇದು ದೊಡ್ಡ ಊರಿನಲ್ಲೇ ಉಳಿಯಬಾರದು, ಜಿಲ್ಲೆಗಳಿಗೆ ಹೋಗಬೇಕೆಂದು ಶಿಷ್ಯರಿಗೆಲ್ಲ ತಾಕೀತು ಮಾಡಿದ್ದರು. ನಾನೂ ಸಲಕರಣೆ ಜೋಡಿಸಿಕೊಂಡು ಕಾದಿದ್ದೆ. ರೋಗಿ ಸಿಗಲೆಂದು ಕಾಯುವುದು ಒಳ್ಳೆಯ ಗುಣವಲ್ಲ. ಆದರೆ ಹೊಸ ವಿದ್ಯೆ ಕಲಿತವನ ಕೈ ಸುಮ್ಮನಿರುತ್ತದೆಯೇ?

ಒಂದು ಬೆಳಿಗ್ಗೆ ನಂಗವಳ್ಳಿಯಿಂದ ಚೌಡಮ್ಮ ಎಂಬ ಹುಡುಗಿಯನ್ನು ಬಸ್ಸಿನಲ್ಲಿ ಮಲಗಿಸಿಕೊಂಡು ತಂದರು. ಕನ್ನಡ ಮಾತಾಡುವ ನೇಕಾರರ ಮನೆಯವಳು. ಮೇಲಿಂದ ಮೇಲೆ ಮಲೇರಿಯಾ ಬಂದು ಅವಳ ಗುಲ್ಮ, ನಾವು ಸ್ಪ್ಲೀನ್ ಎನ್ನುವುದು, ಊದಿಕೊಂಡಿತ್ತು. ಮಗ್ಗದ ಕುಣಿಯಿಂದ ಏಳುವಾಗ ಕಾಲು ಜಾರಿ ಮಗ್ಗದ ಅಡ್ಡಮರಕ್ಕೆ ಹೊಟ್ಟೆ ತಾಗಿದ್ದೇ ನೆಪ, ಅದು ಒಡೆದು ಒಳಗೇ ರಕ್ತ ಹರಿಯುತ್ತಿತ್ತು. ಕೂಡಲೇ ಆಪರೇಷನ್ ಮಾಡಬೇಕು. ಅದನ್ನು ತಾಳಿಕೊಳ್ಳುವಷ್ಟು ರಕ್ತ ಅವಳ ಮೈಯಲ್ಲಿರಲಿಲ್ಲ.

ಜೊತೆಗೆ ಬಂದವರು ತಂದೆ, ತಾಯಿ ಮತ್ತು ಎಡಪ್ಪಾಡಿಯಲ್ಲಿದ್ದ ಸೋದರಮಾವನ ಮಗ ರಾಮಲಿಂಗ. ಅವನಿಗೂ ಚೌಡಮ್ಮನಿಗೂ ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮದುವೆಯೆಂದು ನಿಶ್ಚಯವಾಗಿತ್ತು. ಗಾಜಿನ ಮೇಲೆ ಹನಿಗೆ ಹನಿ ಬೆರೆಸಿ ಪರೀಕ್ಷಿಸಿದೆ. ತಂದೆತಾಯಿಯರ ರಕ್ತ ಹೊಂದಲಿಲ್ಲ. ನನ್ನದು, ಕಾಂಪೌಂಡರದು ಕೂಡ ಹೊಂದಲಿಲ್ಲ. ರಾಮಲಿಂಗನದು ಮಾತ್ರ ಹೊಂದಿತು. ಹೇಳಿದ ಕೂಡಲೇ ಅವನ ಮುಖ ಕಳೆಗುಂದಿತು.

“ಬೇರೆ ಯಾರ್ದೂ ಆಗಾಕಿಲ್ವಾ ಸಾಮಿ?”

“ಇಲ್ಲ. ಮದುವೆಯಾಗೋ ಗಂಡು, ಒಂದು ಸೂಜಿಗೆ ಹೆದರ್ತೀಯಲ್ಲಯ್ಯ!” ಎಂದು ರೇಗಿದೆ.

ಅವನು ಚೌಡಮ್ಮ ಮಲಗಿದ್ದ ಕಡೆ ಒಮ್ಮೆ ನೋಡಿದ. “ಸರಿ, ತಕ್ಕೊಳಿ. ಅವ್ಳು ಬದುಕ್ಲಿ” ಎಂದು ತೋಳು ಚಾಚಿದ.

ಹುಡುಗಿ ಬದುಕಿದಳು. ಒಡೆದ ಗುಲ್ಮವನ್ನು ತೆಗೆದೆ. ಗಾಯ ಕೀವಾಗದೆ ಮಾಯಿತು. ಪ್ರೊಫೆಸರು ಹಿಗ್ಗಿ ನನ್ನನ್ನು ಮದರಾಸಿಗೆ ಕರೆಸಿ ಸರ್ಜನ್ನರ ಸಭೆಯಲ್ಲಿ ಮಾತಾಡಿಸಿದರು. ರಕ್ತ ಕೊಟ್ಟವನು ಹೇಗಿದ್ದಾನೆಂದು ಒಬ್ಬರು ಕೇಳಿದರು. “ಅವನಿಗೇನೂ ತೊಂದರೆಯಾಗಲಿಲ್ಲ” ಎಂದೆ. ಚಪ್ಪಾಳೆ ಬಿತ್ತು.

ಸೇಲಂಗೆ ಮರಳಿದ ಮೇಲೆ ಚೌಡಮ್ಮನ ತಂದೆ ಬಂದು ಮದುವೆ ಮುರಿದ ಸುದ್ದಿ ಹೇಳಿದ. ರಾಮಲಿಂಗನ ರಕ್ತ ಮೈಗೆ ಸೇರಿದ್ದರಿಂದ ಅವಳು ಈಗ ಅವನ ಗೋತ್ರದವಳಂತೆ, ಇಬ್ಬರೂ ಅಣ್ಣತಂಗಿಯರಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಮರುದಿನವೇ ಎಡಪ್ಪಾಡಿಗೆ ಹೋಗಿ ಕುಲದ ಯಜಮಾನರ ಜಗಲಿಯಲ್ಲಿ ಕೂತೆ. ಕೊಟ್ಟ ರಕ್ತ ಕೆಲವೇ ತಿಂಗಳಲ್ಲಿ ಸವೆದುಹೋಗುತ್ತದೆ, ಆಮೇಲೆ ಅವಳಲ್ಲಿ ಉಳಿಯುವುದು ಅವಳದೇ ರಕ್ತ ಎಂದು ಬಿಡಿಸಿ ಹೇಳಿದೆ. ಮುದುಕರು ಸಾವಧಾನವಾಗಿ ಕೇಳಿಸಿಕೊಂಡರು.

“ನೀವು ಏಳಾದು ನಿಜಾನೇ ಇರ್ಬೋದು ಡಾಕ್ಟರಯ್ಯಾ. ತಾಯಿ ಆಲೂ ಕರಗ್ ಓಯ್ತದೆ. ಆದ್ರೆ ಒಂದೇ ಎದೆ ಆಲು ಕುಡ್ದೋರ್ಗೆ ಕಲ್ಯಾಣ ಮಾಡ್ತಾರಾ?”

ಮುದುಕರಿಗೆ ಕೈಮುಗಿದೆ. ಎದ್ದು ಬಂದೆ.

ರಾಮಲಿಂಗ ಬಸ್ಸಿನವರೆಗೆ ಜೊತೆಗೆ ಬಂದ. ಹೀಗಾಗುತ್ತದೆಂದು ಮೊದಲೇ ಗೊತ್ತಿತ್ತೇ ಎಂದು ಕೇಳಿದೆ.

“ಗೊತ್ತಿಲ್ದೆ ಏನ್ ಸಾಮಿ? ಈ ಕುಲದಾಗೇ ಉಟ್ಟಿದೋನು.”

“ಮತ್ತೆ ಅವತ್ತು ಯಾಕೆ ಬಾಯಿ ಬಿಡಲಿಲ್ಲ?”

“ಬಿಟ್ಟಿದ್ರೆ ಅವ್ರಪ್ಪ ರಕ್ತ ಬ್ಯಾಡ ಅಂದ್ಬುಡೋರು. ಪರವಾಯಿಲ್ಲೆ, ಅವ್ಳು ಬದ್ಕವ್ಳೆ.”

ಮುಂದಿನ ವರ್ಷ ಚೌಡಮ್ಮನನ್ನು ಧರ್ಮಪುರಿ ಕಡೆಗೆ ಕೊಟ್ಟರೆಂದು ಕೇಳಿದೆ. ಅವಳನ್ನು ಉಳಿಸಿದ್ದಕ್ಕೆ ನನಗೆ ಎಂದೂ ಪಶ್ಚಾತ್ತಾಪವಿಲ್ಲ. ಆದರೂ ಆ ಕೇಸು ನೆನಪಾದಾಗಲೆಲ್ಲ ಸಂಕಟವಾಗುತ್ತದೆ. ರಕ್ತದಲ್ಲಿ ಏನೇನಿದೆಯೆಂದು ಪ್ರೊಫೆಸರು ನನಗೆ ಕಲಿಸಿದ್ದರು. ಕೊಡುವವನು ಅದರ ಜೊತೆಗೆ ಏನೇನು ಕೊಡುತ್ತಾನೆಂದು ಆ ಕೆಲಸವೇ ಕಲಿಸಬೇಕಾಯಿತು. ಅಂದಿನಿಂದ ಯಾರಾದರೂ ಹಿಂಜರಿದರೆ ಉಳಿದವರನ್ನು ಹೊರಗೆ ಕಳಿಸಿ, ಕಾರಣವೇನೆಂದು ಮೆಲ್ಲಗೆ ಕೇಳುತ್ತಿದ್ದೆ. ರಾಮಲಿಂಗನನ್ನು ಹಾಗೆ ಕೇಳಿದ್ದರೂ ನಾನು ರಕ್ತ ತೆಗೆದೇ ತೆಗೆಯುತ್ತಿದ್ದೆ. ಅವನನ್ನು ಹೇಡಿಯೆನ್ನುತ್ತಿರಲಿಲ್ಲ, ಅಷ್ಟೇ.