ಹಿಮನಾಡಿನ ಕೆಂಚುಗೂದಲು

ತೊಂಬತ್ತರ ದಶಕದಲ್ಲಿ ನಾವು ಅಹಮದಾಬಾದಿನ ಚಾಂದ್‌ಖೇಡಾದ ವಸತಿಗೃಹದಲ್ಲಿದ್ದಾಗ, ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ಮಗಳು ನಂದಿನಿಯ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆಯುವುದು ನನ್ನ ಪರಮ ನಿರಾತಂಕದ ಕೆಲಸವಾಗಿತ್ತು. ನಾನೂ ನನ್ನವರೂ ಮೈಸೂರಿನ ಅಪ್ಪಟ ಕಪ್ಪುಗೂದಲಿನವರು. ಅವಳದೋ, ಬಿಸಿಲು ಬಿದ್ದರೆ ಜೇನಿನಂತೆ ಮಿನುಗುವ ಕೆಂಚುಗೂದಲು. ಅವಳನ್ನು ಮುದ್ದಿಸುವುದರಲ್ಲೇ ಮುಳುಗಿದ್ದ ನನಗೆ ಅದು ಎಲ್ಲಿಂದ ಬಂತೆಂದು ಕೇಳಬೇಕೆಂದೇ ಅನ್ನಿಸಿರಲಿಲ್ಲ. ಕೇಳುವವರಿಗೇನೂ ಕೊರತೆಯಿರಲಿಲ್ಲವೆನ್ನಿ. ಎದುರುಮನೆಯ ಕೋಕಿಲಾಬೆನ್‌ಗಂತೂ "ಕಿಸ್ ಪರ್ ಗಯೀ ಹೈ ಯೇ?", ಅಂದರೆ ಇವಳು ಯಾರ ಹೋಲಿಕೆ ಎಂಬುದು, ಊಟವಾಯಿತೇ ಎನ್ನುವಷ್ಟೇ ಸಹಜವಾದ ಮಾತು.

ಹತ್ತು ವರ್ಷದ ನಂದಿನಿಗೆ ಅದು ಸಹಜವಾಗಿರಲಿಲ್ಲ. ನವರಾತ್ರಿ ಹತ್ತಿರವಾದಾಗ ಒಂದು ದಿನ ಜಡೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, "ಅಮ್ಮಾ, ಬ್ಲ್ಯಾಕ್ ಕರ್ ದೋ ನಾ, ಕಪ್ಪು ಮಾಡ್ಬಿಡು. ಇಲ್ಲಾಂದ್ರೆ ಗರ್ಬಾ ಕುಣಿಯೋಕೆ ಬರಲ್ಲ. ಎಲ್ಲಾ ಕೇಳ್ತಾರೆ, ನೀನು ಯಾರ ಮಗಳು ಅಂತ," ಎಂದು ಅತ್ತುಬಿಟ್ಟಳು.

ಸಮಾಧಾನ ಮಾಡಲೆಂದು, ಯಾವುದೋ ಹಳೆಯ ಪತ್ರಿಕೆಯಲ್ಲಿ ಓದಿದ್ದನ್ನು ಹೇಳತೊಡಗಿದೆ. ಉತ್ತರಧ್ರುವದ ಬಳಿಯ ಹಿಮನಾಡಿಗೆ ಹೋದ ಅನ್ವೇಷಕರು, ಅಲ್ಲಿನ ಕಪ್ಪುಗೂದಲಿನ ಇನ್ಯೂಟ್ ಜನರ ನಡುವೆ ಕೆಲವರ ಹೊಂಬಣ್ಣದ ಗಡ್ಡ, ಕೆಂಚು ಹುಬ್ಬು ಕಂಡು ಬೆರಗಾಗಿ ಬರೆದರಂತೆ. ಎಂದೋ ಹಡಗೇರಿ ಬಂದು ಕಾಣೆಯಾದ ಯುರೋಪಿನವರ ಸಂತತಿಯೆಂದರು ಕೆಲವರು. ಹಿಮದ ಬಿಸಿಲಿಗೆ ಮಾಸಿದ ಬಣ್ಣವೆಂದರು ಕೆಲವರು. ನೋಡಿದವರ ಕಣ್ಣೇ ಸರಿಯಿಲ್ಲವೆಂದರು ಉಳಿದವರು. ಸೀಲ್ ಬೇಟೆಯಾಡಿ, ಹಿಮದ ಮನೆ ಕಟ್ಟಿ, ಮಕ್ಕಳನ್ನು ಮುದ್ದಾಡಿಕೊಂಡು ತಮ್ಮ ಪಾಡಿಗೆ ತಾವಿದ್ದವರ ತಲೆಗೂದಲು ದೂರದ ಪಂಡಿತರಿಗೆ ತಲೆನೋವಾಯಿತು ನೋಡಿ!

ನಂದಿನಿ ಮೂಗೊರೆಸಿಕೊಂಡಳು. "ಅವರನ್ನೇ ಕೇಳಿದ್ರಾ ಅಮ್ಮ?"

"ನಾನು ಓದಿದ್ದರಲ್ಲಿ ಅದು ಇರಲಿಲ್ಲ ಪುಟ್ಟಿ."

"ಕೇಳಿದ್ರೆ ಏನಂತಿದ್ರು?"

"ನೀನಾಗಿದ್ರೆ ಏನಂತಿದ್ದೆ?"

ಅವಳು ಬೆನ್ನು ತಿರುಗಿಸಿ, ಅರ್ಧ ಹೆಣೆದ ಜಡೆಯನ್ನು ಮತ್ತೆ ನನ್ನ ಕೈಗೆ ಕೊಟ್ಟಳು.

ನವರಾತ್ರಿಯ ಮೊದಲ ಸಂಜೆ ಕಾಲೊನಿಯ ಅಂಗಳದಲ್ಲಿ, ಊರಿನಿಂದ ಬಂದಿದ್ದ ಕೋಕಿಲಾಬೆನ್‌ರ ಅತ್ತೆ ನಂದಿನಿಯ ಗಲ್ಲ ಹಿಡಿದು, ಯಾರ ಹೋಲಿಕೆಯೆಂದು ಅದನ್ನೇ ಕೇಳಿದರು. ನಂದಿನಿಯೋ ಲಂಗದ ನೆರಿಗೆ ಸರಿಪಡಿಸಿಕೊಳ್ಳುತ್ತ, "ಮೈಂ ತೋ ಅಪ್ನೇ ಪರ್ ಹೀ ಗಯೀ ಹೂಂ, ಬಾ," ಎಂದಳು. ನಾನು ನನ್ನ ಹೋಲಿಕೆಯೇ, ಅಜ್ಜಿ!

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕ ನಗುವಿಗೆ ಸುತ್ತಲಿದ್ದವರೆಲ್ಲ ತಿರುಗಿದರು. ಅಜ್ಜಿ ತಮ್ಮ ಕಣ್ಣಿನ ಕಾಡಿಗೆಯನ್ನು ಬೆರಳಿಗೆ ತಗುಲಿಸಿ ಮಗುವಿನ ಕಿವಿಯ ಹಿಂದೆ ದೃಷ್ಟಿಬೊಟ್ಟಿಟ್ಟು, ನಮ್ಮಿಬ್ಬರನ್ನೂ ಗರ್ಬಾ ಕುಣಿತದ ವೃತ್ತದೊಳಕ್ಕೆ ತಳ್ಳಿದರು. ಅಷ್ಟು ವರ್ಷ ದೂರ ನಿಂತು ನೋಡುತ್ತಿದ್ದ ನಾನು ತಾಳ ತಪ್ಪಿ ಚಪ್ಪಾಳೆ ತಟ್ಟುತ್ತಿದ್ದರೆ, ಮುಂದೆ ಕುಣಿಯುತ್ತಿದ್ದ ಮಗಳು ಹಿಂತಿರುಗಿ ಕೂಗಿದಳು:

"ಅಮ್ಮಾ, ಹಾಗಲ್ಲ! ನನ್ನ ನೋಡ್ಕೊಂಡು ಮಾಡು!"