ಸೂಜಿ ಸಾಹೇಬರು ಮತ್ತು ನನ್ನ ಕರಿಹಲಗೆ

ಹೋದ ವಾರ ರಕ್ತ ಪರೀಕ್ಷೆಗೆ ಹೋಗಿದ್ದೆ. ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಯಾವ ಡಾಕ್ಟರೂ ಈವರೆಗೆ ಹೇಳಿಲ್ಲ. ಇದ್ದರೂ ಇರಬಹುದೆಂದು ಮೂರು ತಿಂಗಳಿಗೊಮ್ಮೆ ನಾನೇ ಹೆದರಿಕೊಂಡು ಹೋಗುತ್ತೇನೆ. ಕಾಂಪೌಂಡರು ಹತ್ತಿಗೆ ಸ್ಪಿರಿಟ್ ಅದ್ದಿ ತೋಳಿಗೆ ಒರೆಸಿದ. ಆ ತಣ್ಣನೆಯ ವಾಸನೆ ಮೂಗಿಗೆ ತಾಗಿದ್ದೇ ತಡ, ದೇವನಹಳ್ಳಿಯ ವಾಚನಾಲಯದ ಜಗಲಿಗೆ ಸೈಕಲ್ ಒರಗಿಸಿ ನಿಂತ ಸೂಜಿ ಸಾಹೇಬರು ಕಣ್ಣೆದುರು ಬಂದುಬಿಟ್ಟರು.

ಯುದ್ಧ ನಡೆಯುತ್ತಿದ್ದ ಕಾಲ ಅದು. ಊರೂರಿಗೆ ಹೋಗಿ ಪ್ಲೇಗಿಗೆ ಸೂಜಿ ಹಾಕುವುದು ಅವರ ನೌಕರಿ. ಖಾಕಿ ಕೋಟು, ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ, ಅದರಲ್ಲೊಂದು ಪುಟ್ಟ ಸ್ಪಿರಿಟ್ ದೀಪ. ಗಾಳಿ ಬೀಸಿದರೆ ಕೋಟು ಬಿಚ್ಚಿ ದೀಪಕ್ಕೆ ಮರೆ ಹಿಡಿದು, ಸೂಜಿಯನ್ನು ನೀರಿನಲ್ಲಿ ಕುದಿಸುತ್ತಿದ್ದರು. ಅಳುವ ಮಕ್ಕಳಿಗೆ ಪೆಪ್ಪರಮಿಂಟು ಕೊಡುತ್ತಿದ್ದರು. ಅಳುವ ದೊಡ್ಡವರಿಗೂ ಕೊಡುತ್ತಿದ್ದರು. ನಾನೂ ಒಂದು ತಿಂದಿದ್ದೇನೆ.

ನಾನಾಗ ಅಲ್ಲಿ ಇಪ್ಪತ್ತನಾಲ್ಕು ವರ್ಷದ ಮೇಷ್ಟ್ರು. ವಾಚನಾಲಯಕ್ಕೆ ಬರುತ್ತಿದ್ದದ್ದು ಒಂದೇ ಪೇಪರು. ಸಂಜೆ ಅದನ್ನು ಓದಿ, ಮುಖ್ಯ ಸುದ್ದಿಗಳನ್ನು ಹೊರಗಿನ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನಾನಾಗಿ ಹೊತ್ತುಕೊಂಡ ಕೆಲಸ. ಕೊನೆಗೆ ನನ್ನದೊಂದು ಚಟಾಕಿ. ಜರ್ಮನಿ, ಜಪಾನು ಯಾರಿಗೆ ಬೇಕಿತ್ತು? ಸಂತೆಗೆ ಬಂದವರು ಓದುಬಲ್ಲವರನ್ನು ಹಿಡಿದು, “ಮೇಲಿಂದು ಬುಡು, ಕೆಳಗಿಂದು ಓದಪ್ಪಾ” ಅನ್ನುತ್ತಿದ್ದರು. ನನಗೆ ಕೋಡು ಮೂಡಿತ್ತು.

ಆ ವರ್ಷ ಸಾಹೇಬರ ಸೂಜಿ ಹಾಕಿಸಿಕೊಂಡು ಮೂರು ದಿನ ಜ್ವರದಲ್ಲಿ ನರಳಿದೆ. ತೋಳು ಸೋರೆಕಾಯಿಯಷ್ಟು ಊದಿತ್ತು. ಎದ್ದವನೇ ಹಲಗೆಯ ಕೊನೆಯಲ್ಲಿ ಬರೆದೆ: “ಸೂಜಿ ಒಂದೇ ಸಲ, ಬ್ರಹ್ಮಚರ್ಯ ಜನ್ಮಪೂರ್ತಿ.” ಅಷ್ಟೇ. ಊರೆಲ್ಲ ನಕ್ಕಿತು. ನನ್ನ ಹೆಂಡತಿ ಮಾತ್ರ ನಗಲಿಲ್ಲ.

ಹತ್ತು ದಿನ ಕಳೆದಿರಬೇಕು, ಸಾಹೇಬರು ಬಂದರು. ನಲ್ಲೂರಿನ ಹುಣಸೆತೋಪಿನಾಚೆ ಒಂದು ಹಳ್ಳಿ, ಹೆಸರು ಈಗ ಬೇಡ, ಅಲ್ಲಿ ಇಲಿ ಸತ್ತು ಬೀಳತೊಡಗಿದ್ದವು, ಪ್ಲೇಗು ಬರುವ ಗುರುತು. ಹೆಂಗಸರು, ಮಕ್ಕಳು ತೋಳು ಕೊಟ್ಟಿದ್ದರು. ಗಂಡಸರು ಒಬ್ಬರೂ ಹತ್ತಿರ ಸುಳಿದಿರಲಿಲ್ಲ.

“ಮೇಷ್ಟ್ರೇ, ನನ್ನ ಸೈಕಲ್‌ಗಿಂತ ಮುಂಚೆ ನಿಮ್ಮ ಜೋಕು ಹೋಗ್ತದೆ,” ಅಂದರು.

ನಾನು ಸೀಮೆಸುಣ್ಣ ಹಿಡಿದಿದ್ದೆ. ಹಿಡಿದಾಗ ನನಗೆ ಧೈರ್ಯ ಜಾಸ್ತಿ. ಬರೆಯೋದು ನನ್ನ ಹಕ್ಕು, ನಂಬೋದು ಬಿಡೋದು ಅವರ ಇಷ್ಟ, ದೇಶವೇ ಬಾಯಿಬಿಟ್ಟು ಮಾತಾಡಲು ಹೋರಾಡುತ್ತಿರುವಾಗ ನೀವು ಒಂದು ಸಾಲಿಗೆ ಹೆದರುವುದೇ... ಹೀಗೆ ಏನೇನೋ ಹೇಳಿದೆ. ಭಾಷಣ ಚೆನ್ನಾಗಿಯೇ ಇತ್ತು. ಅವರು ಕೊನೆಯವರೆಗೂ ಕೇಳಿದರು.

“ಹಕ್ಕು ನಿಮ್ದೇ, ಯಾರು ಇಲ್ಲ ಅಂದ್ರು? ಪ್ಲೇಗಿನ ಗೆಡ್ಡೆ ಏಳೋದು ಮಾತ್ರ ಅವರ ಕಂಕುಳಲ್ಲಿ.”

ಯುದ್ಧದ ಕಾಯಿದೆ ಇದ್ದ ಕಾಲ. ಅವರೊಂದು ಅರ್ಜಿ ಕೊಟ್ಟಿದ್ದರೆ ಹಲಗೆಯೂ ಇರುತ್ತಿರಲಿಲ್ಲ, ಮೇಷ್ಟ್ರು ಜೈಲಿನಲ್ಲಿರುತ್ತಿದ್ದರು. ಹಾಗೆ ಮಾಡಿ ಎಂದು ಸಲಹೆ ಕೊಟ್ಟವರೂ ಇದ್ದರಂತೆ. “ನಿಮ್ಮ ಬಾಯಿ ಮುಚ್ಚಿಸಿದ್ರೆ ಜನ ನಿಜಾನೇ ಇರ್ಬೇಕು ಅಂತಾರೆ. ಹೇಳಿದ ಬಾಯಿಂದಾನೇ ವಾಪಸ್ ಬರ್ಬೇಕು,” ಅಂದರು ಸಾಹೇಬರು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿಂದೀಚೆಗೆ ಸರಿಯಾಗಿ ಬಂದೇ ಇಲ್ಲ ಅನ್ನಬಹುದು.

ಮರುದಿನ ಹಲಗೆಯನ್ನೆಲ್ಲ ಒರೆಸಿ ದೊಡ್ಡ ಅಕ್ಷರದಲ್ಲಿ ಬರೆದೆ: ಸೂಜಿಯಿಂದ ಏನೂ ಆಗುವುದಿಲ್ಲ, ನಾನು ಬರೆದದ್ದು ತಮಾಷೆಗೆ. ಓದಿದವರು ಮೊದಲಿಗಿಂತ ಜೋರಾಗಿ ನಕ್ಕರು. “ಅಮಲ್ದಾರರು ಬಿಸಿ ಮುಟ್ಟಿಸವ್ರೆ ಕಣ್ಲಾ ಮೇಷ್ಟ್ರಿಗೆ!” ಎಂದು ಒಬ್ಬ ಇನ್ನೊಬ್ಬನ ಬೆನ್ನಿಗೆ ಗುದ್ದಿದ. ವರ್ಷಾನುಗಟ್ಟಲೆ ನಗಿಸಿದವನು ಒಂದು ದಿನ ಅತ್ತರೆ ಅದೂ ಹೊಸ ಚಟಾಕಿಯೇ ಆಗುತ್ತದೆಂದು ನನಗೆ ಹೊಳೆದಿರಲಿಲ್ಲ.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ಬುದ್ಧಿವಂತಿಕೆ. ತಮಟೆಯವನನ್ನು ಕರೆದುಕೊಂಡು ಆ ಸುತ್ತಿನ ಹಳ್ಳಿಗಳಿಗೆ ಹೊರಟೆ. ಅವನದು ಕಂಚಿನ ಕಂಠ. “ಕೇಳ್ರಪ್ಪೋ ಕೇಳ್ರೀ! ಸೂಜಿ ಹಾಕುಸ್ಕೊಂಡ್ರೆ ಗಂಡಸ್ತನ ಹೋಗಕ್ಕಿಲ್ವಂತೆ! ಮೇಷ್ಟ್ರು ಹೇಳವ್ರೆ!” ನನ್ನ ಹಲಗೆಯ ಸುದ್ದಿ ಅದುವರೆಗೆ ತಲುಪದ ಹಳ್ಳಿಗಳಲ್ಲೂ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಹೋಯ್ತದೆ ಅಂದೋರ್ಯಾರು?” ಒಬ್ಬ ಮುದುಕ ಕೇಳಿದ.

“ಏನೋ ಐತೆ ಕಣಣ್ಣ. ಇಲ್ದಿದ್ರೆ ತಮಟೆ ಯಾಕೆ ಹೊಡುಸ್ತಾರೆ?”

ಕೊನೆಗೆ ಇಲಿ ಬಿದ್ದ ಆ ಹಳ್ಳಿಗೆ ಬಂದೆವು. ಜನ ಪ್ಲೇಗಿಗೆ ಹೆದರಿ ಮನೆಗಳನ್ನು ಬಿಟ್ಟು ಹುಣಸೆತೋಪಿನ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಸಾಹೇಬರು ಮರದಡಿಯಲ್ಲಿ ಕೋಟಿನ ಮರೆಯಲ್ಲಿ ದೀಪ ಹಚ್ಚಿ ಕೂತಿದ್ದರು. ನಾನು ಎಲ್ಲರೆದುರು ಅಂಗಿ ಬಿಚ್ಚಿ, ಗಾಯ ಮಾಗಿದ ತೋಳು ತೋರಿಸಿ, “ನೋಡಿ, ನಾನೇ ಹಾಕಿಸಿಕೊಂಡಿದ್ದೇನೆ. ನನಗೇನಾಗಿದೆ?” ಅಂದೆ.

ಮೀಸೆ ತೀಡಿಕೊಂಡಿದ್ದ ಒಬ್ಬ ರೈತ, ನನ್ನ ವಯಸ್ಸಿನವನೇ, ಬೀಡಿ ಕೆಳಗಿಟ್ಟು ಬಹಳ ಮರ್ಯಾದೆಯಿಂದ ಕೇಳಿದ: “ಮೇಷ್ಟ್ರೇ, ತಮಗೆ ಮದುವೆಯಾಗಿ ಎಷ್ಟು ವರ್ಷ ಆಯ್ತು?”

“ಎರಡು.”

“ಮಕ್ಕಳು?”

ಇರಲಿಲ್ಲ. ತೋಪಿನ ತುಂಬ ನಗು. ಸಾಹೇಬರು ತಲೆ ತಗ್ಗಿಸಿ ಸ್ಪಿರಿಟ್ ದೀಪ ಆರಿಸಿದರು. ಅವರು ಅದನ್ನು ಆರಿಸಿದ ರೀತಿ... ಬಾಯಿಂದ ಊದಲಿಲ್ಲ, ಮುಚ್ಚಳವನ್ನು ಮೆಲ್ಲಗೆ ಮೇಲಿಟ್ಟರು.

ಆ ವಾರವೇ ಹಳ್ಳಿಯಲ್ಲಿ ಜ್ವರ ಹತ್ತಿತು. ಸತ್ತವರಲ್ಲಿ ಆ ಮೀಸೆಯವನೂ ಒಬ್ಬ. ಸೂಜಿ ಹಾಕಿಸಿಕೊಂಡಿದ್ದ ಅವನ ಹೆಂಡತಿ ಉಳಿದಳು. ನನಗೂ ನನ್ನ ಹೆಂಡತಿಗೂ ಆಮೇಲೆ ನಾಲ್ಕು ಮಕ್ಕಳಾದವು. ಯಾರಿಗೆ ತೋರಿಸಲಿ?

ಸೂಜಿ ಹಾಕಿದ ತೋಳುಗಳ ಲೆಕ್ಕ ಕಡಿಮೆಯಾಯಿತೆಂದು ಮೇಲಿನವರು ಸಾಹೇಬರನ್ನೇ ಸೋಮಾರಿ ಎಂದು ಬರೆದು ದೂರಕ್ಕೆ ವರ್ಗ ಮಾಡಿದರು. ಹೊರಡುವ ದಿನ ವಾಚನಾಲಯಕ್ಕೆ ಬಂದರು. ತಪ್ಪು ನನ್ನದೆಂದು ನಾನೇ ಬಂದು ಮೇಲಿನವರಿಗೆ ಹೇಳುತ್ತೇನೆ ಎಂದೆ. “ಬೇಡ ಮೇಷ್ಟ್ರೇ, ಅವರೂ ನಗ್ತಾರೆ,” ಅಂದರು. ಜೇಬಿನಿಂದ ಒಂದು ಪೆಪ್ಪರಮಿಂಟು ತೆಗೆದು ಹಲಗೆಯ ಕೆಳಗಿನ ಪಟ್ಟಿಯ ಮೇಲೆ, ಸೀಮೆಸುಣ್ಣದ ಪಕ್ಕದಲ್ಲಿಟ್ಟರು. “ಬರೆಯೋದು ನಿಲ್ಲಿಸ್ಬೇಡಿ.”

ನಿಲ್ಲಿಸಿದೆ. ಅದೂ ತಪ್ಪೇ ಇರಬೇಕು. ಮುಂದಿನ ಸಲ ಇಲಿ ಬಿದ್ದಾಗ ಊರಿಗೆ ತಿಳಿಸಲು ಆ ಹಲಗೆಯ ಮೇಲೆ ಒಂದಕ್ಷರವೂ ಇರಲಿಲ್ಲ. ಸಾಹೇಬರಿಗೆ ಮೂರು ಕಾಗದ ಬರೆದೆ. ಮೂರನ್ನೂ, ಯಾವ ಮಾತನ್ನು ಹೇಗೆ ತಿಳಿದುಕೊಳ್ಳುತ್ತಾರೋ ಎಂದು ಹೆದರಿ ಹರಿದೆ. ಅವರು ತೀರಿಕೊಂಡ ಸುದ್ದಿಯನ್ನು ಹೊಸಕೋಟೆ ಬಸ್ಸಿನಲ್ಲಿ ಯಾರೋ ಹೇಳಿದರು, ಟಿಕೆಟ್ಟಿಗೆ ಚಿಲ್ಲರೆ ಹುಡುಕುತ್ತಾ...

ಕಾಂಪೌಂಡರು ನನ್ನ ರಕ್ತ ತೆಗೆದು, ಹತ್ತಿ ಒತ್ತಿಕೊಂಡಿರಿ ಎಂದು ಹೇಳಿ ಒಳಗೆ ಹೋಗಿದ್ದ. ಬೆಂಚಿನ ಮೇಲೆ ಪಕ್ಕದಲ್ಲಿ ಕುಂದಾಣದ ಕಡೆಯ ರೈತನೊಬ್ಬ ಕೂತಿದ್ದ. ಕಾಲಿಗೆ ಗುದ್ದಲಿ ತಗುಲಿ ಗಾಯ, ಮಣ್ಣು ಮೆತ್ತಿತ್ತು. ಧನುರ್ವಾಯು ಆಗದಿರಲೆಂದು ಸೂಜಿಗೆ ಬಂದಿದ್ದ.

“ಸಾಮೀ, ಈ ಸೂಜಿಯಿಂದ ಏನೂ ಆಗಕ್ಕಿಲ್ವಾ?” ಎಂದು ಕೇಳಿದ.

ಬಾಯಿ ತೆರೆದೆ. ಆಗುವುದಿಲ್ಲ ಎಂದು ಹೇಳಿ, ಇವನಿಗೇ ಏನಾದರೂ ಆಗಿಬಿಟ್ಟರೆ? ಮುಚ್ಚಿದೆ. “ಡಾಕ್ಟರನ್ನೇ ಕೇಳಪ್ಪಾ,” ಅಂದೆ.

ಅವನು ನನ್ನ ಮುಖ ನೋಡಿದ. ಅಲ್ಲಿ ಏನು ಓದಿಕೊಂಡನೋ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿ, ಕುಂಟುತ್ತಾ ಮೆಟ್ಟಿಲಿಳಿದ.

“ಏ, ಇರಪ್ಪಾ! ಹಾಕಿಸ್ಕೊಳ್ಳೋ, ಏನೂ ಆಗಲ್ಲ!” ಎಂದು ಕೂಗಿದೆ.

ಅವನು ರಸ್ತೆ ದಾಟಿಯಾಗಿತ್ತು. ತೋಳಿನ ಮೇಲೆ ಹತ್ತಿ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಸ್ಪಿರಿಟ್ ಆರಿ, ವಾಸನೆಯೂ ಹೋಗಿತ್ತು.